ಆನಂದ್‌ಗಿಂತ ಒಂಬತ್ತು ವರ್ಷ ಮೊದಲು

ಗೆಳೆಯಾ,

ಹೋದ ವಾರ ಫೋನಿನಲ್ಲಿ ನೀನು ಬಾಜಿ ಕಟ್ಟುವವನ ಹಾಗೆ ಹೇಳಿದೆಯಲ್ಲ, "ಏಷ್ಯಾದಿಂದ ಚೆಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್ ಅಂದ್ರೆ ನಮ್ಮ ಆನಂದೇ" ಅಂತ, ಆಗ ನಾನೂ ಹೂಂಗುಟ್ಟಿದ್ದೆ. ರಾತ್ರಿ ಮಲಗಿದ ಮೇಲೆ ತಲೆಗೆ ಹೊಳೆಯಿತು. ತಪ್ಪು ಮಾರಾಯಾ. ಗಂಡಸರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ನೀನು ಹೇಳಿದ್ದು ಸರಿ. ಆನಂದ್ ಗೆದ್ದದ್ದು 2000ದಲ್ಲಿ. 1991ರಲ್ಲೇ ಬೀಜಿಂಗಿನ ಹುಡುಗಿಯೊಬ್ಬಳು ಮಹಿಳೆಯರ ವಿಶ್ವ ಪಟ್ಟ ಗೆದ್ದು ಕೂತಿದ್ದಳು. ಹೆಸರು ಶಿಯೆ ಜುನ್.

ಆಕೆ ಹುಟ್ಟಿದ್ದು 1970ರಲ್ಲಿ, ಚೀನಾದ ಬಾವೊಡಿಂಗ್ ಎಂಬ ಊರಿನಲ್ಲಿ; ಬೆಳೆದದ್ದು ಬೀಜಿಂಗಿನಲ್ಲಿ. ಮಾವೋನ ಸಾಂಸ್ಕೃತಿಕ ಕ್ರಾಂತಿಯ ಗದ್ದಲದ ಕಾಲ. ನಾವು ಆಡುವ ಚೆಸ್‌ಗೆ ಚೀನಾದಲ್ಲಿ ಆಗ ನಿಷೇಧ. ಆರನೇ ವಯಸ್ಸಿಗೆ ಆಕೆ ಕೈಹಚ್ಚಿದ್ದು ಅಲ್ಲಿ ಮನೆಮಾತಾದ ಚೀನೀ ಚೆಸ್, ಶಿಯಾಂಗ್‌ಚಿಗೆ. ಆ ಹಲಗೆ ನೋಡಿದರೆ ನಿನಗೆ ಮಜಾ ಅನ್ನಿಸುತ್ತದೆ. ಕಾಯಿಗಳೆಂದರೆ ಮೇಲೆ ಅಕ್ಷರ ಬರೆದ ದುಂಡು ಬಿಲ್ಲೆಗಳು. ಅವನ್ನಿಡುವುದು ಮನೆಯೊಳಗಲ್ಲ, ಗೆರೆಗಳು ಕೂಡುವಲ್ಲಿ, ನಮ್ಮ ಆಡು-ಹುಲಿ ಆಟದ ಹಾಗೆ. ಹಲಗೆಯ ನಡುವೆ ಒಂದು ನದಿ; ಆನೆ ಅದನ್ನು ದಾಟುವಂತಿಲ್ಲ. ರಾಜ ಅರಮನೆ ಬಿಟ್ಟು ಕದಲುವಂತಿಲ್ಲ. ಫಿರಂಗಿ ಅಂತ ಒಂದಿದೆ, ನಡುವೆ ಒಂದು ಕಾಯಿ ಅಡ್ಡ ಇದ್ದರೆ ಮಾತ್ರ ಅದರ ತಲೆಯ ಮೇಲಿಂದ ಹಾರಿ ಹೊಡೆಯುತ್ತದೆ. ನಡೆಸಲು ಕಾಯಿಯೇ ಇಲ್ಲದೆ ಸಿಕ್ಕಿಬಿದ್ದರೆ ಡ್ರಾ ಅಲ್ಲ, ಸೋಲು. (ಸ್ಟೇಲ್‌ಮೇಟ್ ಅಂತ ಹೇಳಿ ನೀನು ನನ್ನಿಂದ ಎಷ್ಟು ಸಲ ತಪ್ಪಿಸಿಕೊಂಡಿದ್ದೀಯೋ, ಅಲ್ಲಾಗಿದ್ದರೆ ನಡೆಯುತ್ತಿರಲಿಲ್ಲ.)

ಹತ್ತನೇ ವಯಸ್ಸಿಗೆಲ್ಲ ಆಕೆ ಈ ಆಟದಲ್ಲಿ ಬೀಜಿಂಗಿನ ಬಾಲಕಿಯರ ಚಾಂಪಿಯನ್. ಅಷ್ಟರಲ್ಲಿ ಸರ್ಕಾರದ ಕಡೆಯವರಿಂದ ಒತ್ತಾಯ: ಅದನ್ನು ಬಿಡು, ಅಂತಾರಾಷ್ಟ್ರೀಯ ಚೆಸ್ ಕಲಿ. ಗೆಲ್ಲುತ್ತಿರುವ ಆಟ ಬಿಟ್ಟು ಇನ್ನೊಂದನ್ನು ಮೊದಲಿನಿಂದ ಕಲಿಯುವುದೆಂದರೆ ಆ ವಯಸ್ಸಿನ ಮಗುವಿಗೆ ಏನನ್ನಿಸಿರಬೇಡ! ತರಬೇತಿಯೂ ಅಷ್ಟಕ್ಕಷ್ಟೆ. ಆದರೂ 1984ಕ್ಕೆ ದೇಶದ ಬಾಲಕಿಯರ ಪಟ್ಟ ಆಕೆಯದಾಯಿತು.

ಆಗ ಮಹಿಳೆಯರ ಚೆಸ್ ಎಂದರೆ ಸೋವಿಯತ್ ಒಕ್ಕೂಟದ ಜಾರ್ಜಿಯಾ ಅಂತಲೇ ಲೆಕ್ಕ. 1962ರಿಂದ ನೋನಾ ಗಾಪ್ರಿಂದಾಶ್ವಿಲಿ, 1978ರಿಂದ ಮಾಯಾ ಚಿಬುರ್ದಾನಿಡ್ಜೆ. ಇಬ್ಬರೂ ಅಲ್ಲಿಯವರೇ, ಪಟ್ಟ ಹೊರಗೆ ಹೋಗಿಯೇ ಇರಲಿಲ್ಲ. ಮಾಯಾ ಹದಿನೇಳಕ್ಕೇ ಚಾಂಪಿಯನ್ ಆದವಳು, ಹದಿಮೂರು ವರ್ಷ ಪಟ್ಟ ಬಿಟ್ಟುಕೊಟ್ಟಿರಲಿಲ್ಲ. ಅಂಥವಳ ಎದುರು 1991ರಲ್ಲಿ ಮನಿಲಾದಲ್ಲಿ ಈ ಹುಡುಗಿ ಕೂತಳು. ಹದಿನೈದು ಆಟ, ನಾಲ್ಕು ಗೆಲುವು, ಎರಡು ಸೋಲು, ಉಳಿದದ್ದೆಲ್ಲ ಡ್ರಾ. ಗೆಲುವಿಗೆ ಒಂದು, ಡ್ರಾಗೆ ಅರ್ಧ ಅಂಕದ ಲೆಕ್ಕದಲ್ಲಿ 8.5-6.5. ಇಪ್ಪತ್ತೊಂಬತ್ತು ವರ್ಷದ ಜಾರ್ಜಿಯಾದ ದರ್ಬಾರು ಅಲ್ಲಿಗೆ ಮುಗಿಯಿತು. 1993ರಲ್ಲಿ ಜಾರ್ಜಿಯಾದ ಇನ್ನೊಬ್ಬಳು, ನಾನಾ ಐಯೊಸೆಲಿಯಾನಿ, ಸವಾಲು ಹಾಕಿ ಬಂದಾಗ ಶಿಯೆ 8.5-2.5ರಿಂದ ಎತ್ತಿ ಒಗೆದಳು.

1996ರಲ್ಲಿ ಸ್ಪೇನಿನ ಹಾಎನ್‌ನಲ್ಲಿ ಹಂಗೇರಿಯ ಸೂಸನ್ ಪೋಲ್ಗರ್ ಕೈಯಲ್ಲಿ ಸೋತಳು. 8.5-4.5, ಕೂದಲೆಳೆಯ ಸೋಲೇನಲ್ಲ. ಪಟ್ಟ ಮರಳಿ ಬಂದದ್ದು 1999ರಲ್ಲಿ, ಅಲಿಸಾ ಗಾಲ್ಯಮೋವಾಳನ್ನು ಸೋಲಿಸಿ. ಇಲ್ಲೊಂದು ಮಾತು ಹೇಳಲೇಬೇಕು. ಆ ವರ್ಷ ಪೋಲ್ಗರ್ ಹೆರಿಗೆಯಾಗಿದ್ದಳು, ಪಂದ್ಯ ಮುಂದೂಡಿ ಎಂದಳು. ವಿಶ್ವ ಚೆಸ್ ಒಕ್ಕೂಟವಾದ ಫಿಡೆ ಜತೆ ಜಟಾಪಟಿಯಾಗಿ ಪಟ್ಟವನ್ನೇ ಕಿತ್ತುಕೊಂಡರು. ಹಲಗೆಯ ಮುಂದೆ ಸೋಲದವಳ ಪಟ್ಟ ಹಾಗೆ ಹೋಗಬಾರದಿತ್ತು. ಶಿಯೆಯದೇನೂ ತಪ್ಪಿಲ್ಲ, ಆದರೂ ಆ ಗೆಲುವಿನಲ್ಲಿ ನನಗೊಂದು ಸಣ್ಣ ಮುಳ್ಳು ಉಳಿದೇ ಇದೆ.

ನಡುವೆ 1998ರಲ್ಲಿ ರಷ್ಯಾದ ಎಲಿಸ್ತಾದಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ, ಅಂದರೆ ದೇಶದೇಶಗಳ ತಂಡಗಳ ಚೆಸ್ ಸ್ಪರ್ಧೆಯಲ್ಲಿ, ಚೀನಾದ ಮಹಿಳೆಯರಿಗೆ ಮೊದಲ ಚಿನ್ನ ಬಂತು, ತಂಡದಲ್ಲಿ ಈಕೆಯೂ ಇದ್ದಳು. ಆಮೇಲೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಕೂಡ ಮಾಡಿದಳು. ಆಕೆಯ ಹಿಂದೆಯೇ ಝು ಚೆನ್, ಹೌ ಯಿಫಾನ್, ಜು ವೆನ್‌ಜುನ್ ಅಂತ ಚೀನಾದ ಚಾಂಪಿಯನ್ನರು ಸಾಲುಗಟ್ಟಿ ಬಂದರು. ಚೀನಾದ ಗಂಡಸರ ಕಡೆ ಡಿಂಗ್ ಲಿರೆನ್ ಪಟ್ಟಕ್ಕೇರಲು 2023 ಆಗಬೇಕಾಯಿತು ನೋಡು, ಪೂರಾ ಮೂವತ್ತೆರಡು ವರ್ಷ ತಡ.

ಈಗ ನಮ್ಮಿಬ್ಬರ ವಿಷಯ. 2000ದ ಡಿಸೆಂಬರ್ ನೆನಪಿದೆಯಾ? ಹಾಸ್ಟೆಲಿನಲ್ಲಿ ಪೇಪರು ಬಂದ ಕೂಡಲೇ ಕ್ರೀಡಾಪುಟಕ್ಕೆ ಕಿತ್ತಾಟ. ವಿಶ್ವ ಚಾಂಪಿಯನ್‌ಷಿಪ್ ದೆಹಲಿಯಲ್ಲಿ, ಗಂಡಸರ ಫೈನಲ್ ಮಾತ್ರ ಟೆಹರಾನಿನಲ್ಲಿ. ಆನಂದ್ ಪಟ್ಟ ಗೆದ್ದದ್ದು ಅಲ್ಲಿ. ಮಹಿಳೆಯರ ಫೈನಲ್ ನಡೆದದ್ದು ನಮ್ಮ ದೆಹಲಿಯಲ್ಲೇ ಕಣೋ! ಎದುರುಬದುರು ಕೂತವರಿಬ್ಬರೂ ಚೀನಾದವರು, ಚಿನ್ ಕಾನ್‌ಯಿಂಗ್ ಮತ್ತು ಶಿಯೆ ಜುನ್. ಶಿಯೆ 2.5-1.5ರಿಂದ ಗೆದ್ದು ಪಟ್ಟ ಉಳಿಸಿಕೊಂಡಳು. ನಮ್ಮ ದೇಶದಲ್ಲೇ ವಿಶ್ವ ಚಾಂಪಿಯನ್ನಳ ಪಟ್ಟಾಭಿಷೇಕ ಆಗಿಹೋಯಿತು, ನಾವಿಬ್ಬರೂ ಅತ್ತ ತಿರುಗಿಯೂ ನೋಡಲಿಲ್ಲ. ನೀನು ಆನಂದನ ಫೋಟೋ ಸಿಕ್ಕಿದ್ದೆಲ್ಲ ಕತ್ತರಿಸಿ ಟ್ರಂಕಿನ ಮುಚ್ಚಳಕ್ಕೆ ಅಂಟಿಸುತ್ತಿದ್ದೆ, ಅನ್ನದಗುಳು ತಂದುಕೊಡುವುದು ನನ್ನ ಕೆಲಸ.

ಆ ಟ್ರಂಕು ಇನ್ನೂ ನಿಮ್ಮನೆ ಅಟ್ಟದ ಮೇಲೆ ಇದೆ ಅಂದಿದ್ದೆ. ಅಂಟು ಬಿಟ್ಟಿದ್ದರೆ ಒಂದೊಂದೇ ತುಂಡು ಬಿಡಿಸಿ ಹಿಂಬದಿ ನೋಡು. ಅವಳ ಸುದ್ದಿ ಎಲ್ಲಾದರೂ ಒಂದು ಸಾಲು ಸಿಕ್ಕರೆ ಫೋಟೋ ತೆಗೆದು ಕಳಿಸು.

ನಿನ್ನ,
ಅನ್ನದಗುಳಿನ ಗುತ್ತಿಗೆದಾರ