ಲಿವ್ಯಾತಾನದ ಕುರಿತು ಸದಸ್ಯರಿಗೆ ಸೂಚನೆ

ಮಾನ್ಯ ಸದಸ್ಯರೇ, ಈ ವಾರದ ಚರ್ಚೆಗೆ ಹೀಬ್ರೂ ಧರ್ಮಗ್ರಂಥದ ಕಡಲಜೀವಿಯಾದ ಲಿವ್ಯಾತಾನವನ್ನು ಆರಿಸಿಕೊಂಡಿದ್ದೇವೆ. ಯೋಬನ ಗ್ರಂಥದ 41ನೆಯ ಅಧ್ಯಾಯ, 74 ಮತ್ತು 104ನೆಯ ಕೀರ್ತನೆಗಳು ಹಾಗೂ ಯೆಶಾಯ 27ರ ಮೊದಲ ವಚನವನ್ನು ದಯವಿಟ್ಟು ಮೊದಲೇ ಓದಿಕೊಳ್ಳಬೇಕು.

ಸಿರಿಯಾದ ರಾಸ್ ಶಮ್ರಾದಲ್ಲಿ 1929ರಲ್ಲಿ ಆರಂಭವಾದ ಉತ್ಖನನದಿಂದ ದೊರೆತ, ಉಗಾರಿತ್ ಎಂಬ ಪ್ರಾಚೀನ ನಗರದ ಮಣ್ಣಿನ ಫಲಕಗಳಲ್ಲಿ, ಬಾಳ್ ದೇವರ ಕಥೆಯೊಳಗೆ, ಏಳು ತಲೆಯ ಲೋತಾನ್ ಎಂಬ ಸರ್ಪ ಬರುತ್ತದೆ. ಓಡುವ ಸರ್ಪ, ಸುರುಳಿ ಸುತ್ತುವ ಸರ್ಪ ಎಂಬ ಯೆಶಾಯನ ವರ್ಣನೆ ಅಲ್ಲಿಯೂ ಬಹುತೇಕ ಅದೇ ಪದಗಳಲ್ಲಿರುವುದರಿಂದ, ಎರಡರ ಮೂಲವೂ ಒಂದೇ ಪರಂಪರೆಯೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನನ್ನನ್ನು ಹೆಚ್ಚು ಸೆಳೆದದ್ದು 104ನೆಯ ಕೀರ್ತನೆ: 74ರಲ್ಲಿ ದೇವರು ಯಾವ ಪ್ರಾಣಿಯ ತಲೆಗಳನ್ನು ಜಜ್ಜಿದನೋ ಅದೇ ಪ್ರಾಣಿ ಇಲ್ಲಿ, ಹಡಗುಗಳು ಓಡಾಡುವ ಕಡಲಿನಲ್ಲಿ, ಆಡಲೆಂದು ಅವನಿಂದಲೇ ಸೃಷ್ಟಿಯಾಗಿದೆ. ಇದು ಬರಿಯ ಮೊಸಳೆಯೆಂಬ ವ್ಯಾಖ್ಯಾನವೂ ಉಂಟು. ಆದರೆ ಯೋಬನ ಗ್ರಂಥದಲ್ಲಿ ಅದರ ಬಾಯಿಂದ ಬೆಂಕಿಯ ಕಿಡಿಗಳು ಹಾರುತ್ತವೆ.