ದನದ ಬೆಲೆ ಹಾಲಲ್ಲಷ್ಟೇ ಇಲ್ಲ

ಮಾನ್ಯ ಸಂಪಾದಕರೇ,

ಪಶುಪಾಲನೆ ಅಂದ ಕೂಡಲೇ ಎಲ್ಲರೂ ಹಾಲಿನ ಮಾತೇ ಆಡುತ್ತಾರೆ. ಡೇರಿಗೆ ಹಾಲು ಹಾಕುವವರಿಗೆ ಸರ್ಕಾರ ಲೀಟರಿಗೆ ಇಷ್ಟು ಅಂತ ಪ್ರೋತ್ಸಾಹಧನ ಕೊಡುತ್ತದೆ. ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಚಳ್ಳಕೆರೆ, ಪಾವಗಡ, ಮೊಳಕಾಲ್ಮುರು ಕಡೆ ಮಳೆ ನಂಬಿ ಎರಡು ಮೂರು ಎಕರೆ ಮಾಡುವವರ ಲೆಕ್ಕವೇ ಬೇರೆ.

ಎತ್ತನ್ನೇ ನೋಡಿ. ನಮ್ಮದು ಶೇಂಗಾ ಸೀಮೆ. ಹದ ಮಳೆ ಬಿದ್ದ ಮೇಲೆ ಕೆಂಪು ನೆಲದಲ್ಲಿ ಹಸಿ ನಿಲ್ಲುವುದೇ ಎರಡು ಮೂರು ದಿನ, ಅಷ್ಟರೊಳಗೆ ಬೀಜ ಬೀಳಬೇಕು. ಮನೆಯಲ್ಲಿ ಜೋಡಿ ಎತ್ತು ಇದ್ದವನು ಮಾರನೇ ಬೆಳಿಗ್ಗೆಯೇ ಕೂರಿಗೆ ಹೂಡುತ್ತಾನೆ, ಬಾಡಿಗೆ ಟ್ರ್ಯಾಕ್ಟರಿಗೆ ಕಾಯುವವನ ಸರದಿ ಬರುವಷ್ಟರಲ್ಲಿ ನೆಲ ಆರಿರುತ್ತದೆ. ಆಮೇಲೆ ಸಾಲಿನ ನಡುವಿನ ಕಳೆಗೆ ಎಡೆಕುಂಟೆ ಹೊಡೆಯಲೂ ಎತ್ತೇ ಬೇಕು. ನಮ್ಮ ನಾಟಿ ತಳಿ ಹಳ್ಳಿಕಾರ್ ಜೋಡಿ ಶೇಂಗಾ ಹೊಟ್ಟು, ರಾಗಿ ಹುಲ್ಲಿನಲ್ಲೇ ಬೇಸಿಗೆ ಕಳೆಯುತ್ತದೆ. ಸೀಮೆಹಸುವಿಗೆ ಹಸಿ ಮೇವು, ಹಿಂಡಿ, ಬಕೆಟ್‌ಗಟ್ಟಲೆ ನೀರು ಬೇಕು. ಬೋರ್ ಬತ್ತಿದ ಊರಲ್ಲಿ ಎಲ್ಲಿಂದ ತರೋದು?

ಕುರಿ, ಮೇಕೆ ಕೈಗೆ ದುಡ್ಡು ಬೇಕಾದಾಗ ಆಗುವ ಜೀವ. ಮಕ್ಕಳ ಫೀಸು, ಆಸ್ಪತ್ರೆ ಖರ್ಚು ಬಂದರೆ ಹೋತವೋ ಟಗರೋ ಸಂತೆಗೆ ಹೋಗುತ್ತದೆ. ನಾಟಿ ಕೋಳಿಯ ಕಾಸು ಹೆಂಗಸರದ್ದು, ಗಂಡಸರು ಮುಟ್ಟುವ ಹಾಗಿಲ್ಲ (ಮುಟ್ಟುತ್ತಾರೆ, ಅದು ಬೇರೆ ವಿಷಯ). ಬರ ಬಂದರೆ ಮೊದಲು ಇವನ್ನೇ ಮಾರುವುದು, ಎತ್ತು ಮಾರುವುದು ತೀರಾ ಕೊನೆಗೆ. ಎತ್ತು ಹೋದರೆ ಮುಂದಿನ ಮುಂಗಾರೂ ಕೈಬಿಟ್ಟ ಹಾಗೆಯೇ ಅಲ್ವಾ?

ಇನ್ನು ಗೊಬ್ಬರ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಲು ಕುರಿಗಾರರಿಗೆ ನಾವೇ ದುಡ್ಡೋ ಕಾಳೋ ಕೊಡುತ್ತೇವೆ. ಹಿಕ್ಕೆ, ಗಂಜಲ ಎರಡೂ ನೇರ ನೆಲಕ್ಕೇ ಸೇರುತ್ತವೆ, ಗಾಡಿ ಕೂಲಿಯೂ ಉಳಿಯುತ್ತದೆ. 2019ರ ಜಾನುವಾರು ಗಣತಿಯಲ್ಲಿ ರಾಜ್ಯದ ಕುರಿಗಳು 1 ಕೋಟಿ ದಾಟಿದ್ದವು, ದನಗಳಿಗಿಂತ ಜಾಸ್ತಿ. ಅವು ಹೊಲಕ್ಕೆ ಕೊಟ್ಟ ಗೊಬ್ಬರಕ್ಕೆ ಮಾತ್ರ ಲೀಟರ್ ಲೆಕ್ಕವಿಲ್ಲ, ಪ್ರೋತ್ಸಾಹಧನವೂ ಇಲ್ಲ.

ಕುರಿ ಸತ್ತರೆ ಅನುಗ್ರಹ ಯೋಜನೆಯಲ್ಲಿ ಪರಿಹಾರ ಇದೆ, ಒಳ್ಳೆಯದೇ. ಬದುಕಿರುವ ಎತ್ತಿನ ಹೊಟ್ಟೆಗೂ ಏನಾದರೂ ಮಾಡಿ. ಜೋಡಿ ಎತ್ತು ಇಟ್ಟುಕೊಂಡ ಸಣ್ಣ ರೈತರಿಗೆ ವರ್ಷಕ್ಕೊಮ್ಮೆ ಮೇವಿನ ದುಡ್ಡು ಕೊಡಲಿ, ಮಂದೆ ನಿಲ್ಲಿಸುವ ಖರ್ಚಿಗೂ ಸ್ವಲ್ಪ ಸೇರಿಸಲಿ. ಮೇವು ಬ್ಯಾಂಕನ್ನು ಬರ ಘೋಷಣೆ ಆದ ಮೇಲೆ ತೆರೆದರೆ ಅಷ್ಟರಲ್ಲಿ ಎತ್ತು ಸಂತೆ ಸೇರಿರುತ್ತವೆ, ಫೆಬ್ರುವರಿಯಲ್ಲೇ ತೆರೆಯಲಿ.

– ಒಬ್ಬ ಶೇಂಗಾ ಬೆಳೆಗಾರ, ಚಳ್ಳಕೆರೆ ತಾಲ್ಲೂಕು