ಫ್ರೀ ವಿಡಿಯೋ ಪ್ಯಾಕ್ ನಿಲ್ಲುತ್ತಿದೆ, ಬಿಲ್ಲೂ ಸ್ವಲ್ಪ ಏರುತ್ತಿದೆ

ಸಂಘದ ಎಲ್ಲ ಸದಸ್ಯರಿಗೆ, ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ಸಂಘದ ಇಂಟರ್ನೆಟ್‌ನಲ್ಲಿ ಫ್ರೀ ವಿಡಿಯೋ ಪ್ಯಾಕ್ ಇರುವುದಿಲ್ಲ. ಇಲ್ಲಿವರೆಗೆ ಫ್ರೀ ಇದ್ದ ಆ ಒಂದು ಆ್ಯಪ್‌ನಲ್ಲಿ ನೋಡಿದ್ದೂ ಇನ್ನು ಡೇಟಾ ಲೆಕ್ಕಕ್ಕೆ ಬರುತ್ತದೆ. ಬಿಲ್ಲು ನೂರಕ್ಕೆ 4ರಷ್ಟು ಏರುತ್ತದೆ. ಎರಡೂ ಒಟ್ಟಿಗೇ ಬಂದಿದ್ದಕ್ಕೆ ಕ್ಷಮಿಸಿ.

ಫೋನ್ ಎತ್ತಿದರೆ ಒಂದೇ ಮಾತು: "ದೊಡ್ಡ ಕಂಪನಿಯವರು ಫ್ರೀ ಕೊಡ್ತಾರೆ, ನಿಮಗೇನು ಕಷ್ಟ?" ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಈ ಪತ್ರ.

ನಾವು ಹೊರಗಿನ ದೊಡ್ಡ ನೆಟ್‌ವರ್ಕ್‌ನಿಂದ ಬ್ಯಾಂಡ್‌ವಿಡ್ತ್, ಅಂದರೆ ಒಮ್ಮೆಗೆ ಎಷ್ಟು ಡೇಟಾ ಹರಿಯಬಹುದು ಅನ್ನುವ ಸಾಮರ್ಥ್ಯ, ಕೊಳ್ಳುತ್ತೇವೆ. ನೀವು ತಿಂಗಳಿಗೆ ಎಷ್ಟು ಜಿಬಿ ನೋಡಿದಿರಿ ಅಂತ ಅವರು ಕೇಳುವುದಿಲ್ಲ. 5 ನಿಮಿಷಕ್ಕೊಮ್ಮೆ ಲೈನಿನ ಮೇಲಿನ ಹೊರೆ ಅಳೆಯುತ್ತಾರೆ, ತಿಂಗಳ ಕೊನೆಗೆ ತೀರಾ ಜಾಸ್ತಿ ಇದ್ದ ಶೇ. 5ರಷ್ಟು ಅಳತೆಗಳನ್ನು ಬಿಟ್ಟು, ಉಳಿದಿದ್ದರಲ್ಲಿ ಯಾವುದು ದೊಡ್ಡದೋ ಅದಕ್ಕೆ ಬಿಲ್ ಹಾಕುತ್ತಾರೆ. ಅಂದರೆ ತಿಂಗಳಿಗೆ ಸುಮಾರು 36 ಗಂಟೆ ಮಾಫಿ. ಆದರೆ ಸಂಜೆಯ ರಶ್ಶು ದಿನಕ್ಕೆ 3 ಗಂಟೆ ಅಂದುಕೊಂಡರೂ ತಿಂಗಳಿಗೆ 90 ಗಂಟೆ ಆಯಿತಲ್ವಾ? ಮಾಫಿ ಎಲ್ಲಿಗೆ ಸಾಲುತ್ತದೆ! ಇಡೀ ತಿಂಗಳ ಬಿಲ್ಲನ್ನು ಸಂಜೆಯೇ ತೀರ್ಮಾನ ಮಾಡುತ್ತದೆ, ಮತ್ತು ಫ್ರೀ ಅಂದ ಕೂಡಲೇ ಎಲ್ಲರೂ ನೋಡಿದ್ದು ಸಂಜೆಯೇ. ಆ ಆ್ಯಪ್ ತೆರೆದೇ ನೋಡದ ಮನೆಯವರೂ ಆ ಹೊರೆಗೆ ದುಡ್ಡು ಕಟ್ಟಿದ್ದಾರೆ. ಫ್ರೀ ಅನ್ನೋದು ಹೀಗಿರುತ್ತದೆ.

ಹಾಗಾದರೆ ಮೊದಲು ಯಾಕೆ ಕೊಟ್ಟಿರಿ ಅಂತ ಕೇಳಬಹುದು. ಆಸೆಗೆ ಕೊಟ್ಟೆವು. ಆ ಆ್ಯಪ್ ಲೆಕ್ಕಕ್ಕಿಲ್ಲ ಅಂತ ಮಾಡಿದರೆ ರೇಟಿನಲ್ಲಿ ರಿಯಾಯಿತಿ ಅಂದರು ಮೇಲಿನವರು, ಅಂದರೆ ಆ ದೊಡ್ಡ ನೆಟ್‌ವರ್ಕ್‌ನವರು. ಒಪ್ಪಿದೆವು, ತಪ್ಪು ನಮ್ಮದೇ. ಈಗ ಬೇರೆ ವಿಡಿಯೋಗಳನ್ನು ಸಂಜೆ ಹೊತ್ತು ನಿಧಾನ ಮಾಡಿ ಅಂತ ಶುರು ಮಾಡಿದರು. ಆಗುವುದಿಲ್ಲ ಅಂದೆವು. ರಿಯಾಯಿತಿ ಹೋಯಿತು. ಆ 4 ಅಲ್ಲಿಗೇ ಹೋಗುತ್ತದೆ, ನಮ್ಮ ಸಂಬಳಕ್ಕಲ್ಲ.

ದೂರು ಕೊಡಿ ಅಂತಲೂ ಕೆಲವರು ಹೇಳಿದಿರಿ. ಯಾರಿಗೆ ಕೊಡೋಣ? ಅವರು ಇರುವುದು ಬೇರೆ ದೇಶದಲ್ಲಿ. ಭಾರತದಲ್ಲಿ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್ 2016ರ ಫೆಬ್ರವರಿ 8ರಂದು ಆ್ಯಪ್ ನೋಡಿ ಹಾಕುವ ಇಂಥ ಬೇರೆ ಬೇರೆ ದರವನ್ನೇ ನಿಷೇಧಿಸಿತು. ಯುರೋಪಿನಲ್ಲಿ ಎಲ್ಲ ಆ್ಯಪ್‌ಗಳನ್ನೂ ಒಂದೇ ರೀತಿ ನೋಡಬೇಕು ಅನ್ನುವ 2015ರ ನಿಯಮ ಇದೆ, ಲೆಕ್ಕಕ್ಕಿಲ್ಲದ ಆ್ಯಪ್ ಪ್ಯಾಕ್‌ಗಳು ಅದಕ್ಕೆ ವಿರುದ್ಧ ಅಂತ ಅಲ್ಲಿನ ಕೋರ್ಟು 2021ರಲ್ಲಿ ಹೇಳಿತು. ಅಮೆರಿಕದಲ್ಲಿ ಇಂಥ ನಿಯಮವನ್ನು 2015ರಲ್ಲಿ ತಂದರು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿಯಲ್ಲಿ ಕೋರ್ಟು ತಳ್ಳಿಹಾಕಿತು. ಕೇಬಲ್ಲು ಸಮುದ್ರ ದಾಟುತ್ತದೆ, ನಿಯಮ ದಾಟುವುದಿಲ್ಲ. ತಡೆಯಬಾರದು, ಬೇಕಂತ ನಿಧಾನ ಮಾಡಬಾರದು, ದುಡ್ಡು ಕೊಟ್ಟವರನ್ನು ಮುಂದೆ ಬಿಡಬಾರದು, ಇಷ್ಟನ್ನಾದರೂ ಎಲ್ಲ ದೇಶಗಳೂ ಒಪ್ಪಿಕೊಂಡು ಬರೆದರೆ ನಮ್ಮಂಥ ಸಣ್ಣವರು ಆಗುವುದಿಲ್ಲ ಅಂದಾಗ ಬೆನ್ನಿಗೆ ಏನಾದರೂ ಇರುತ್ತದೆ.

ಅಂತರರಾಷ್ಟ್ರೀಯ ನಿಯಮ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ನಾವೇನೂ ನಂಬಿಲ್ಲ. 2012ರಲ್ಲಿ ಟೆಲಿಕಾಂ ಒಪ್ಪಂದ ಬರೆಯಲು ದುಬೈನಲ್ಲಿ ದೇಶಗಳೆಲ್ಲ ಸೇರಿದಾಗ, ವಿಡಿಯೋ ಕಳಿಸುವವರೇ ನೆಟ್‌ವರ್ಕ್‌ಗೆ ದುಡ್ಡು ಕೊಡಲಿ ಅಂತ ಯುರೋಪಿನ ಟೆಲಿಕಾಂ ಕಂಪನಿಗಳ ಸಂಘ ಕೇಳಿತ್ತು. ಪುಣ್ಯಕ್ಕೆ ಅದು ಒಪ್ಪಂದಕ್ಕೆ ಸೇರಲಿಲ್ಲ. ಯಾರು ಬರೆಯುತ್ತಾರೆ ಅನ್ನುವುದೂ ಮುಖ್ಯ, ಅಲ್ವಾ? ಹಾಗಂತ ಸುಮ್ನೆ ಕೂತರೆ ನಿಯಮ ಬರೆಯುವವರು ಆ ದೊಡ್ಡ ಕಂಪನಿಯವರೇ.

ಟವರ್ ಬಿದ್ದ ವರ್ಷ ನೀವು ನಮ್ಮನ್ನು ಬಿಟ್ಟು ಹೋಗಲಿಲ್ಲ. ಆ ಧೈರ್ಯದ ಮೇಲೇ ಇಷ್ಟೆಲ್ಲ ಬರೆದಿದ್ದು. ನಮ್ಮ ಕಡೆಯಿಂದ ಯಾವ ಆ್ಯಪ್‌ಗೂ ತಡೆ ಇಲ್ಲ, ಯಾವುದಕ್ಕೂ ವಿಶೇಷ ದಾರಿಯೂ ಇಲ್ಲ. ಸಂಜೆ ವಿಡಿಯೋ ನಿಂತು ನಿಂತು ಬಂದರೆ ಯಾವ ಆ್ಯಪ್, ಎಷ್ಟು ಹೊತ್ತಿಗೆ ಅಂತ ಬರೆದು ಕಳಿಸಿ. ಮೇಲಿನವರ ಹತ್ತಿರ ಮಾತಾಡುವಾಗ ನಿಮ್ಮ ಪಟ್ಟಿಯೇ ನಮಗೆ ಸಾಕ್ಷಿ. ನಂಬರ್ ಹಳೆಯದೇ, ರಾತ್ರಿ 10ರವರೆಗೂ ನಾವೇ ಎತ್ತುತ್ತೇವೆ. ಬೈಯುವುದಿದ್ದರೂ ಅದೇ ನಂಬರ್.

ಇಂತಿ ನಿಮ್ಮ,
ಸಂಘದ ಆಫೀಸಿನವರು